ಇಲ್ಲದ ಗಿಡದ ನೀರು

ನನ್ನ ಹೆಂಡತಿ ತಾರಾಮತಿ ಇಪ್ಪತ್ತಮೂರು ಸಂಶೋಧನಾ ಪ್ರಬಂಧ ಬರೆದಿದ್ದಾಳೆ. ಇಪ್ಪತ್ತೆರಡು ಸರಿ ಇವೆ, ಒಂದು ತಪ್ಪು. ನಮ್ಮ ಗಾಣದ ಬೀದಿಯ ಅಷ್ಟೂ ಮನೆಗಳು ನೀರು ಕುಡಿಯುತ್ತಿದ್ದದ್ದು ಆ ಒಂದರಿಂದ. ಇದನ್ನು ಯಾರ ಹತ್ತಿರ ಹೋಗಿ ಹೇಳಿಕೊಳ್ಳಲಿ, ನೀವೇ ಹೇಳಿ.

ನಮ್ಮ ಊರಿನ ಬಾವಿಗಳಿಗೆ ಮಳೆಯ ಹಂಗಿಲ್ಲ. ಊರಾಚೆ ಎಲ್ಲಾದರೂ ಯಾರಾದರೂ ನಮ್ಮವರ ಹೆಸರೆತ್ತಿ, ‘ಇದು ಇಂಥವರು ಹೇಳಿದ್ದು’ ಎಂದು ಅವರ ಮಾತನ್ನೋ ಕೆಲಸವನ್ನೋ ಬಳಸಿಕೊಂಡರೆ ಅವರ ಮನೆಯ ಬಾವಿಗೆ ಒಂದು ಕೊಡ ನೀರು ಬೀಳುತ್ತದೆ. ಗುಳುಂ ಎಂದು ಸದ್ದಾಗುತ್ತದೆ, ಅಷ್ಟೆ. ಊರೊಳಗಿನವರು ಹೇಳಿದರೆ ಲೆಕ್ಕಕ್ಕಿಲ್ಲ. ಇಲ್ಲದಿದ್ದರೆ ನಾವು ಒಬ್ಬರನ್ನೊಬ್ಬರು ಹೊಗಳಿಕೊಂಡೇ ಒಂದು ಕೆರೆ ತುಂಬಿಸಿಬಿಡುತ್ತಿದ್ದೆವು. ತನ್ನ ಹೆಸರನ್ನು ತಾನೇ ಹೇಳಿಕೊಂಡು ತಿರುಗಿದರೂ ನೀರು ಬರುತ್ತದೆ, ಆದರೆ ರಾಡಿ. ಬೀದಿಯ ತುದಿಮನೆಯ ಪರಮಶಿವಯ್ಯನವರು ಹಲ್ಲುನೋವಿಗೆ ಒಂದು ಲೇಪ ಕಂಡುಹಿಡಿದು, ಹೋದ ಊರಲ್ಲೆಲ್ಲ ಅದು ತನ್ನದು ತನ್ನದು ಎಂದು ಸಾರಿಕೊಂಡು ಬಂದರು. ಅವರ ಮನೆಯಲ್ಲಿ ಇವತ್ತಿಗೂ ಬಿಳಿ ಪಂಚೆ ಒಗೆಯುವ ಹಾಗಿಲ್ಲ.

ಹಾಗಾಗಿ ನಮ್ಮಲ್ಲಿ ಮಗಳನ್ನು ಬೇರೆ ಊರಿಗೆ ಕೊಡುವಾಗ ಮಡಿಲಕ್ಕಿಯ ಜೊತೆ ಒಂದು ಮಾತನ್ನೂ ಕಟ್ಟಿ ಕಳಿಸುತ್ತಾರೆ: “ಸಾರು ಚೆನ್ನಾಗೈತೆ ಅಂತ ಯಾರಾದ್ರೂ ಅಂದ್ರೆ, ನಮ್ಮವ್ವ ಹೇಳ್ಕೊಟ್ಟಿದ್ದು ಅನ್ನು, ಮರೀಬ್ಯಾಡ.” ಮಗಳು ಹೊಸದರಲ್ಲಿ ಅನ್ನುತ್ತಾಳೆ. ಎರಡು ಮಕ್ಕಳಾದ ಮೇಲೆ ಸಾರು ತನ್ನದೇ ಅನ್ನಿಸಿಬಿಡುತ್ತದೆ, ಇಲ್ಲಿ ತಾಯಿಯ ಬಾವಿ ಇಳಿಯುತ್ತದೆ. ಬಾವಿಯೊಳಗೆ ಬಗ್ಗಿ ಮಗಳನ್ನು ಬಯ್ಯುವ ತಾಯಂದಿರ ದನಿ ಕೇಳಿಕೊಂಡೇ ನಾನು ದೊಡ್ಡವನಾದದ್ದು.

ತಾರಾ ಈ ಊರಿನವಳಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಬಾವಿಕಟ್ಟೆಯ ಮೇಲೆ ಕೂತು, “ಇದಕ್ಕೇನಾದರೂ ಕಾರಣ ಇರಬೇಕಲ್ವೇನ್ರೀ?” ಎಂದು ಕೇಳಿದಳು. ನಾನು, “ಇದೆ ಕಣೇ, ನೀರು ಬರಬೇಕು ಅಂತ ಬರುತ್ತೆ,” ಎಂದೆ. ಅವಳಿಗೆ ಪಕ್ಕದ ಪಟ್ಟಣದ ಕಾಲೇಜಿನಲ್ಲಿ ಕೆಲಸ. ಬೀಜದೊಳಗೆ ಒಂದು ಜಾತಕ ಇರುತ್ತದಂತೆ, ಅದನ್ನು ಅಕ್ಷರ ಅಕ್ಷರ ಓದಿ ಜೋಡಿಸುವುದು. ಜೀನೋಮ್ ಅನ್ನುತ್ತಾರೆ. ಬೆಳಿಗ್ಗೆ ಬಸ್ಸಿಗೆ ಹೋದರೆ ಸಂಜೆಯ ಬಸ್ಸಿಗೆ ಬರುತ್ತಾಳೆ. ನಾನು ಮನೆಯಲ್ಲಿದ್ದು ಅಡುಗೆ, ಬಾವಿ, ರಾಟೆ, ಹಗ್ಗ ನೋಡಿಕೊಳ್ಳುತ್ತೇನೆ. ಇದರಲ್ಲಿ ನನಗೆ ನಾಚಿಕೆಯೇನೂ ಇಲ್ಲ. ನಾಚಿಕೆಪಡಬೇಕೆಂದು ಹೇಳಲು ಬಂದವರಿಗೂ ಕೊನೆಗೆ ನೀರು ಸೇದಿ ಕೊಟ್ಟವನು ನಾನೇ.

ಮೊದಲಲ್ಲಿ ಅವಳ ವಿದ್ಯೆಯಿಂದ ನಮಗೆ ಹೆಚ್ಚೇನೂ ನೀರು ಹುಟ್ಟಲಿಲ್ಲ. ಹರಳು ಗಿಡದ ಎಲೆಗೆ ಹತ್ತುವ ಬೂಷ್ಟಿನ ಮೇಲೆ ಮೂರು ವರ್ಷ ಕಣ್ಣು ಕಳೆದುಕೊಂಡು ಒಂದು ಪ್ರಬಂಧ ಬರೆದಳು. ಯಾರೋ ಪುಣ್ಯಾತ್ಮ ಒಮ್ಮೆ ಉಲ್ಲೇಖಿಸಿದ, ಒಂದು ಕೊಡ ಬಿತ್ತು. ಹುಚ್ಚೆಳ್ಳಿನ ಮೇಲೆ ಬರೆದಳು, ಎರಡು ಕೊಡ. ಅದರಲ್ಲೂ ಒಂದು ಅವಳ ಹಳೆಯ ಸಹಪಾಠಿ ಮುಲಾಜಿಗೆ ಹಾಕಿದ್ದು. ಒಂದೊಂದು ಪ್ರಬಂಧವನ್ನೂ ಅವಳು ಅಕ್ಕಿ ಆರಿಸುವ ಹಾಗೆ ಆರಿಸಿ, ಅನುಮಾನ ಇದ್ದದ್ದನ್ನೆಲ್ಲ ತೆಗೆದುಹಾಕಿ, ಉಳಿದದ್ದನ್ನು ಮಾತ್ರ ಬರೆಯುವವಳು. ಹಾಗೆ ಬರೆದರೆ ಯಾರು ಓದುತ್ತಾರೆ? ನಾವು ಆಗ ಕುಡಿಯುತ್ತಿದ್ದದ್ದು ನಮ್ಮಜ್ಜ ಕಲಿಸಿಹೋದ ಒಂದು ಎತ್ತಿನ ಔಷಧಿಯ ನೀರು.

ಆಮೇಲೆ ಹುರುಳಿ ಬಂತು. ನನ್ನ ಸೋದರತ್ತೆ ಹೊನ್ನಜ್ಜಿ ನಮ್ಮ ಪಕ್ಕದ ಮನೆಯಲ್ಲೇ ಇದ್ದಾಳೆ. ಅವಳ ಗುಡಾಣದಲ್ಲಿ ತಲೆತಲಾಂತರದಿಂದ ಬಂದ ಹುರುಳಿ ಬೀಜ. ಇಬ್ಬನಿ ನೆಕ್ಕಿಕೊಂಡೇ ಬೆಳೆಯುವ ಜಾತಿ. ತಾರಾ ಒಂದು ಚೀಲ ಬೀಜ ಇಸಿದುಕೊಂಡು ಹೋಗಿ, ಮೊಳಕೆ ಬರಿಸಿ, ಎಲ್ಲವನ್ನೂ ಒಟ್ಟಿಗೆ ಅರೆದು, ಅದರ ಜಾತಕ ಓದಿದಳು. ಹುರುಳಿ ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟುವ ಗಿಡ, ಒಂದೇ ಮನೆಯ ಬೀಜವೆಲ್ಲ ಒಂದೇ ಇರುತ್ತದೆ ಎಂಬುದು ಅವಳ ಲೆಕ್ಕ. ಬಾಯಾರಿಕೆ ತಡೆದುಕೊಳ್ಳುವ ಗುಣ, ಗೊಂಚಲು ಗೊಂಚಲು ಕಾಯಿ ಬಿಡುವ ಗುಣ ಎರಡೂ ಒಂದೇ ಗಿಡದಲ್ಲಿ, ಅದೂ ಅಕ್ಕಪಕ್ಕದಲ್ಲಿ ಕೂತಿವೆ ಎಂದು ಕಂಡಿತು. ಅಂಥದ್ದು ಎಲ್ಲೂ ಇರಲಿಲ್ಲವಂತೆ. ಬರೆದಳು. ಕೊನೆಯಲ್ಲಿ ಅವಳ ಗೈಡ್ ತಮ್ಮ ಹೆಸರನ್ನೂ ಸೇರಿಸಿಕೊಂಡರು. ಅವರ ಊರಿನಲ್ಲಿ ನಲ್ಲಿ ಇದೆ, ಬಾವಿಗಳಿಗೆ ಕಿವಿಯಿಲ್ಲ. ಅದಕ್ಕೆ ಬದಲಾಗಿ ಅವರಿಗೆ ಬಡ್ತಿ ಸಿಕ್ಕಿತು.

ನಮಗೆ ನೀರು ಸಿಕ್ಕಿತು. ಅಯ್ಯಯ್ಯೋ, ಎಂಥಾ ನೀರು! ಗುಳುಂ ಎಂದು ಒಂದು, ಅದರ ಬೆನ್ನಿಗೆ ಇನ್ನೊಂದು. ಯಾವ ಯಾವ ದೇಶದಲ್ಲೋ ಬೆಳಗಾಗುತ್ತಿತ್ತು, ಯಾರೋ ಕೂತು ‘ತಾರಾಮತಿ ತೋರಿಸಿದಂತೆ’ ಎಂದು ಬರೆಯುತ್ತಿದ್ದರು, ನಮ್ಮ ಬಾವಿಯಲ್ಲಿ ಅಲೆ ಏಳುತ್ತಿತ್ತು. ಬೀದಿಯ ಬೇರೆ ಬಾವಿಗಳೆಲ್ಲ ತಳ ಕಂಡಿದ್ದ ಕಾಲ. ಮೊದಲು ಹೊನ್ನಜ್ಜಿ ಬಿಂದಿಗೆ ತಂದಳು, ಆಮೇಲೆ ಎದುರುಮನೆಯ ಗಂಗಾಂಬಿಕೆ, ಆಮೇಲೆ ಅಷ್ಟೂ ಬೀದಿ. ತಾರಾ ‘ಡಾಕ್ಟರಮ್ಮ’ ಆದಳು. ನಾನು ಡಾಕ್ಟರಮ್ಮನ ಗಂಡನಾದೆ. ಹಬ್ಬಕ್ಕೆ ನಮ್ಮ ಮನೆಗೆ ಬಂದ ಹೋಳಿಗೆಯನ್ನು ಇಡಲು ಪಾತ್ರೆ ಸಾಲುತ್ತಿರಲಿಲ್ಲ. ಹೀಗೇ ಒಂದಷ್ಟು ವರ್ಷ ನಡೆಯಿತು. ಚೆನ್ನಾಗಿಯೇ ನಡೆಯಿತು. ನಡೆಯಲಿಕ್ಕೆ ಬಿಟ್ಟಿದ್ದರೆ ಇನ್ನೂ ನಡೆಯುತ್ತಿತ್ತು.

ಆಗ ಜುಬೇದಾ ಬಂದಳು. ದೂರದ ಯಾವುದೋ ಕೃಷಿ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿ. ಬಸ್ಸಿಳಿದು ಬಂದವಳು ನಮ್ಮ ಜಗಲಿಯ ಮೇಲೆ ಬ್ಯಾಗಿಟ್ಟು, ನಾನು ಕೊಟ್ಟ ನೀರನ್ನು ಒಂದೇ ಉಸಿರಿಗೆ ಕುಡಿದು, “ಮೇಡಂ, ನಿಮ್ಮ ಗಿಡ ನನಗೆ ಸಿಗ್ತಾನೇ ಇಲ್ಲ,” ಎಂದಳು. ಹೇಳುವಾಗ ನಗುತ್ತಿದ್ದಳು, ಆದರೆ ಕಣ್ಣಲ್ಲಿ ನೀರಿತ್ತು. ತಾರಾಳ ಪ್ರಬಂಧ ಓದಿ, ಆ ಎರಡೂ ಗುಣ ಇರುವ ಗಿಡವನ್ನು ಹುಡುಕುವುದನ್ನೇ ಅವಳು ತನ್ನ ಪಿಎಚ್‌ಡಿ ಮಾಡಿಕೊಂಡಿದ್ದಳು. ಸಾವಿರಾರು ಗಿಡ ಬೆಳೆಸಿದ್ದಳು. ಒಂದರಲ್ಲಿ ಬಾಯಾರಿಕೆ ತಡೆಯುವುದು ಇದ್ದರೆ ಕಾಯಿ ಇಲ್ಲ, ಕಾಯಿ ಇದ್ದರೆ ಅದು ಇಲ್ಲ. “ನನ್ನ ಕೈಯಲ್ಲೇ ದೋಷ ಇದೆ ಅಂತಾರೆ ಮೇಡಂ ನಮ್ಮ ಗೈಡ್. ಮುಂದಿನ ವರ್ಷದಿಂದ ನನಗೆ ಫೆಲೋಶಿಪ್ ಇಲ್ಲ. ಮನೇಲಿ ಮದುವೆ ಮುಂದಕ್ಕೆ ಹಾಕಿ ಹಾಕಿ ಆ ಸಂಬಂಧಾನೂ ಹೋಯ್ತು. ನೀವು ಬೀಜ ತಂದ ಮನೆಯಿಂದಾನೇ ಒಂದು ಹಿಡಿ ಕೊಡಿಸಿ. ಇದೊಂದು ಸಲ ನೋಡ್ತೀನಿ.”

ತಾರಾ ಅವಳನ್ನು ಹೊನ್ನಜ್ಜಿಯ ಮನೆಗೆ ಕರೆದುಕೊಂಡು ಹೋದಳು. ನಾನೂ ಹಿಂದೆ ಹೋದೆ. ಹೊನ್ನಜ್ಜಿಗೆ ಸಂಭ್ರಮ. ಗುಡಾಣದ ಬಾಯಿ ಬಿಚ್ಚಿ, ಮೊರಕ್ಕೆ ಸುರಿದು, ಕಲ್ಲು ಆರಿಸಿ, ಹುಡುಗಿಯ ಚೀಲಕ್ಕೆ ತುಂಬಿದಳು. ಜುಬೇದಾ ಚೀಲದ ಬಾಯಿ ಕಟ್ಟಲು ಹೋದಾಗ, “ತಡಿಯವ್ವಾ, ಏನವಸರ,” ಎಂದು ಮೂಲೆಯಲ್ಲಿದ್ದ ಒಂದು ಸಣ್ಣ ಮಡಕೆಗೆ ಕೈಹಾಕಿ, ಅದರಿಂದ ಒಂದು ಹಿಡಿ ಕಾಳು ತೆಗೆದು ಚೀಲದೊಳಗೆ ಹಾಕಿ ಕಲಸಿದಳು.

“ಅದೇನಜ್ಜಿ?” ಎಂದಳು ತಾರಾ.

“ಬೆರಕೆ ಕಣವ್ವ. ಇದು ಗಂಗಾಂಬಿಕೆ ಮನೇದು. ಒಂಟಿ ಮನೆ ಬೀಜ ಯಾರಾದ್ರೂ ಹೊರಗೆ ಕಳಿಸ್ತಾರಾ? ಕೊಟ್ಟೋರ ಮನೆ ಬೆಳೆಗೆ ದೃಷ್ಟಿ ತಾಗಲ್ವಾ?”

“ನನಗೆ ಕೊಟ್ಟಾಗಲೂ ಬೆರೆಸಿದ್ರಾ?”

“ಬೆರೆಸ್ದೆ ಬಿಡ್ತೀನಾ?” ಹೊನ್ನಜ್ಜಿಗೆ ಕೇಳಿದ್ದಕ್ಕೇ ಬೇಜಾರು. “ಬೇರೆಯೋರಿಗೆ ಒಂದು ಹಿಡಿ. ನೀನು ಮನೆ ಸೊಸೆ ಅಂತ ನಿಂಗೆ ಎಲ್ಡು ಹಿಡಿ ಹಾಕಿದ್ದೆ.”

ಈ ಬೆರಕೆ ಊರಿನ ಮಗುವಿಗೂ ಗೊತ್ತು. ನಮ್ಮವ್ವನೂ ಹಾಗೇ ಕೊಡುತ್ತಿದ್ದಳು. ತಾರಾ ಕೇಳಿದ್ದರೆ ಹೇಳುತ್ತಿದ್ದೆವು, ಕೇಳಲಿಲ್ಲ. ಕೇಳಬೇಕೆಂದು ಅವಳಿಗಾದರೂ ಹೇಗೆ ಹೊಳೆಯಬೇಕು? ಅವಳು ಗೋಡೆಗೆ ಕೈಕೊಟ್ಟು ನಿಂತುಬಿಟ್ಟಳು. ಜುಬೇದಾ ಚೀಲವನ್ನೂ ಅವಳ ಮುಖವನ್ನೂ ನೋಡುತ್ತಿದ್ದಳು. ಓದಿದ ಹುಡುಗಿ, ಅವಳಿಗೂ ಅರ್ಥವಾಗಿತ್ತು. “ಎರಡು ಜಾತೀನಾ ಮೇಡಂ? ಎರಡು ಜಾತಿ ಸೇರಿಸಿ ಅರೆದುಬಿಟ್ರಾ?” ಎಂದಳು. ಅವಳ ದನಿ ಸಣ್ಣಗಾಗಿತ್ತು. “ಹಾಗಾದ್ರೆ ಆ ಗಿಡ?”

“ಇಲ್ಲ ಜುಬೇದಾ,” ಎಂದಳು ತಾರಾ. “ಆ ಗಿಡ ಇಲ್ಲ. ಯಾವತ್ತೂ ಇರಲಿಲ್ಲ.”

ಹುಡುಗಿ ಹೊನ್ನಜ್ಜಿಯ ಅಂಗಳದಲ್ಲೇ ಕುಕ್ಕರುಗಾಲಲ್ಲಿ ಕೂತು ಅತ್ತಳು. ಹೊನ್ನಜ್ಜಿ ಏನಾಯಿತೆಂದು ತಿಳಿಯದೆ, “ಬೇಕಾದ್ರೆ ನಿಂಗೂ ಎಲ್ಡು ಹಿಡಿ ಹಾಕ್ತೀನಿ, ಅಳಬ್ಯಾಡ ಕಣವ್ವ,” ಎಂದು ಅವಳ ಬೆನ್ನು ಸವರಿದಳು. ಮರುದಿನ ಜುಬೇದಾ ಎರಡು ಬೇರೆ ಬೇರೆ ಚೀಲಗಳಲ್ಲಿ ಎರಡು ಮನೆಯ ಬೀಜ ತೆಗೆದುಕೊಂಡು ಬಸ್ಸು ಹತ್ತಿದಳು. ತಾರಾ ತನ್ನ ಕಾಲೇಜಿನಲ್ಲಿ ಅದೇ ಎರಡು ಬೀಜವನ್ನು ಬೇರೆ ಬೇರೆ ಅರೆದು ಮತ್ತೆ ಓದಿದಳು. ಒಂದರಲ್ಲಿ ಒಂದು ಗುಣ, ಇನ್ನೊಂದರಲ್ಲಿ ಇನ್ನೊಂದು. ಅನುಮಾನವೇ ಉಳಿಯಲಿಲ್ಲ. ಆ ದಿನ ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ, “ನಾನು ಆ ಪ್ರಬಂಧ ಹಿಂತೆಗೆದುಕೊಳ್ತೀನಿ ಕಣ್ರೀ,” ಎಂದಳು.

ನಾನು ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ ಸೀದುಹೋಯಿತು.

“ಹಿಂತೆಗೆದುಕೊಂಡ್ರೆ ಬಾವಿ?” ಎಂದೆ.

“ಯಾರೂ ಉಲ್ಲೇಖಿಸಲ್ಲ. ಉಲ್ಲೇಖಿಸಬಾರದು.”

“ತಾರಾ, ನಿನಗೆ ತಲೆಗಿಲೆ ಕೆಟ್ಟಿದೆಯಾ? ಬೇಕಂತ ಮಾಡಿದ್ಯಾ ನೀನು? ಯಾರಿಗಾದ್ರೂ ಮೋಸ ಮಾಡಿದ್ಯಾ? ಅಜ್ಜಿ ಎರಡು ಹಿಡಿ ಕಾಳು ಹಾಕಿದ್ದಕ್ಕೆ ಒಂದು ಬೀದಿ ಜನ ಬಾಯಾರಿ ಸಾಯಬೇಕಾ?”

“ಬೇಕಂತ ಮಾಡಿಲ್ಲ. ಆದರೆ ಇನ್ನು ಸುಮ್ಮನಿದ್ದರೆ ಬೇಕಂತ ಮಾಡಿದ ಹಾಗೇ.”

ಅವಳ ಈ ಒಂದು ಗುಣ ನನಗೆ ಮದುವೆಯಾದಾಗಿನಿಂದ ತಲೆನೋವು. ಜಗಳಕ್ಕೆ ದನಿ ಏರಿಸುವುದಿಲ್ಲ. ನಾನು ಕೂಗಾಡಿ ಕೂಗಾಡಿ ಗಂಟಲು ಕಟ್ಟಿಸಿಕೊಂಡರೆ, ಅವಳು ಸೀದ ಸಾಸಿವೆಯನ್ನು ಚಮಚದಲ್ಲಿ ತೆಗೆದುಹಾಕಿ ಹೊಸ ಒಗ್ಗರಣೆ ಇಟ್ಟಳು. ನಾನು ಊಟ ಬಿಟ್ಟೆ. ಯಾರೂ ಕರೆಯಲಿಲ್ಲವಾದ್ದರಿಂದ ನಾನೇ ಹೋಗಿ ಬಡಿಸಿಕೊಂಡು ಉಂಡೆ.

ಹೊನ್ನಜ್ಜಿಯ ಹತ್ತಿರ ಬಾಯಿಬಿಟ್ಟದ್ದು ನಾನೇ. ಸಿಟ್ಟಿನಲ್ಲಿ ಬಿಟ್ಟೆ. ಬೆಳಗಾಗುವುದರೊಳಗೆ ಬೀದಿಗೆಲ್ಲ ಗೊತ್ತಾಗಿ, ಕೊಡ ಬಿಂದಿಗೆಗಳ ಜೊತೆ ಜನ ಬಾವಿಕಟ್ಟೆಯ ಸುತ್ತ ಸೇರಿದರು. ತಾರಾ ಬಸ್ಸಿಗೆ ಹೊರಟವಳು ಅಲ್ಲೇ ಸಿಕ್ಕಿಹಾಕಿಕೊಂಡಳು. ಪರಮಶಿವಯ್ಯನವರು ಮುಂದೆ ಬಂದು ಕೈಮುಗಿದರು. “ತಾಯಿ, ಸುಳ್ಳು ಹೇಳಿ ಅಂತ ನಾವು ಹೇಳ್ತಿಲ್ಲ. ಅಂಥಾ ಜನ ಅಲ್ಲ ನಾವು. ಸುಮ್ಕಿರಿ ಅಂತೀವಿ, ಅಷ್ಟೆಯ. ಸುಮ್ಕಿರೋದು ಯಾವ ಶಾಸ್ತ್ರದಲ್ಲಿ ತಪ್ಪು?”

ಗಂಗಾಂಬಿಕೆಯ ಮಗಳು ಬಾಣಂತಿ, ಮನೆಯಲ್ಲಿ ಹಸುಗೂಸು. ಅವಳು ಕೈಮುಗಿಯಲಿಲ್ಲ. “ಡಾಕ್ಟರಮ್ಮಾ, ಆ ಹುಡುಗಿ ಅತ್ತಿದ್ದು ನಿಮಗೆ ಕಾಣಿಸ್ತು. ನನ್ನ ಮೊಮ್ಮಗೂಗೆ ಎರೆಯಕ್ಕೆ ನೀರಿಲ್ಲ ಅಂದ್ರೆ ಅದು ಅಳೋದು ಕಾಣಿಸಲ್ವಾ? ನಮ್ಮೋರು ಯಾರೂ ಅಲ್ವಾ ನಿಮಗೆ?” ಎಂದಳು. ಅದು ತಾರಾಳಿಗೆ ನಾಟಿತು. ಅವಳ ಮುಖ ಕೆಂಪಾಯಿತು. ನಾನು ಮನಸ್ಸಿನಲ್ಲೇ, ಸರಿ, ಇನ್ನು ಬಿಟ್ಟುಬಿಡುತ್ತಾಳೆ ಎಂದುಕೊಂಡೆ. ಆಗಲೇ ಬಾವಿಯಲ್ಲಿ ಗುಳುಂ ಎಂದಿತು. ಹೆಂಗಸರು ರೂಢಿಯಂತೆ ಕಟ್ಟೆ ಮುಟ್ಟಿ ಕಣ್ಣಿಗೊತ್ತಿಕೊಂಡರು.

“ಈಗ ಬಿತ್ತಲ್ಲ,” ಎಂದಳು ತಾರಾ, “ಇದರರ್ಥ ಇನ್ನೆಲ್ಲೋ ಇನ್ನೊಬ್ಬಳು ಜುಬೇದಾ ಆ ಗಿಡ ಹುಡುಕೋಕೆ ಹೊರಟಳು ಅಂತ. ಗಂಗಕ್ಕಾ, ಕೂಸಿಗೆ ನೀರು ಎಲ್ಲಿಂದಾದರೂ ನಾನೇ ಹೊತ್ತು ತಂದುಕೊಡ್ತೀನಿ. ಆದರೆ ಈ ನೀರನ್ನ ಗೊತ್ತಿದ್ದೂ ಗೊತ್ತಿದ್ದೂ ತರಿಸಲಾರೆ.” ಹಾಗೆಂದು ಬಸ್ಸಿಗೆ ಹೋಗಿಬಿಟ್ಟಳು. ಹೊತ್ತು ತರುವವನು ಯಾರು ಎಂಬುದು ಅಲ್ಲಿ ನಿಂತಿದ್ದ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ನನ್ನನ್ನೇ ನೋಡಿದರು.

ಹಿಂತೆಗೆದುಕೊಳ್ಳುತ್ತೇನೆ ಎಂದ ಮಾತ್ರಕ್ಕೆ ಆಗಿಬಿಡುತ್ತದೆ ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಪ್ರಬಂಧ ಅಚ್ಚು ಹಾಕಿದ್ದ ಪತ್ರಿಕೆಯವರು, ನೀವು ತಪ್ಪು ಮಾಡಿದ್ದೀರಿ ಎಂಬುದಕ್ಕೆ ಪುರಾವೆ ಕೊಡಿ ಎಂದರು. ಕೊಟ್ಟಳು. ಅದನ್ನು ಪರೀಕ್ಷಿಸಲು ಇಬ್ಬರು ತಜ್ಞರನ್ನು ಹುಡುಕಿದರು. ಒಬ್ಬರು ಉತ್ತರವನ್ನೇ ಕೊಡಲಿಲ್ಲ. ಇನ್ನೊಬ್ಬರು, ಇಷ್ಟು ಜನ ಉಲ್ಲೇಖಿಸಿದ ಪ್ರಬಂಧ ತಪ್ಪಾಗಿರಲು ಹೇಗೆ ಸಾಧ್ಯ ಎಂದು ಬರೆದರು. ಸಹಲೇಖಕರೆಲ್ಲರ ಒಪ್ಪಿಗೆ ಬೇಕೆಂದರು. ತಾರಾಳ ಗೈಡ್ ಫೋನ್ ಮಾಡಿ ಅರ್ಧ ಗಂಟೆ ಬೈದರು. ಸ್ಪೀಕರ್ ಹಾಕದಿದ್ದರೂ ಅಡುಗೆಮನೆಗೆ ಕೇಳುತ್ತಿತ್ತು. “ನಿನ್ನ ಜೀವಮಾನದಲ್ಲಿ ನಾಲ್ಕು ಜನ ಓದಿದ್ದು ಅದೊಂದೇ. ಅದನ್ನ ಕಿತ್ತುಹಾಕಿದ್ರೆ ನಿನ್ನ ಹೆಸರಲ್ಲಿ ಉಳಿಯೋದೇನು? ಬೂಷ್ಟು!” ತಾರಾ, “ಬೂಷ್ಟು ಸರಿ ಇದೆ ಸರ್,” ಎಂದಳು. ಕೊನೆಗೆ ಅವರು, ತಪ್ಪೆಲ್ಲ ಅವಳದ್ದೇ, ತಮಗೇನೂ ಗೊತ್ತಿರಲಿಲ್ಲ ಎಂದು ಬರೆದುಕೊಟ್ಟರೆ ಒಪ್ಪುತ್ತೇನೆ ಎಂದರು. ಅವಳು ಅದನ್ನೂ ಬರೆದುಕೊಟ್ಟಳು. ನನ್ನ ಮೈ ಉರಿದುಹೋಯಿತು. ಬಡ್ತಿ ತೆಗೆದುಕೊಳ್ಳುವಾಗ ಗೊತ್ತಿತ್ತು, ತಪ್ಪು ಹೊರುವಾಗ ಗೊತ್ತಿಲ್ಲ!

ಅಂತೂ ಇಂತೂ ಒಂದು ದಿನ ಆ ಪ್ರಬಂಧದ ಮೇಲೆ ಅಡ್ಡಕ್ಕೆ ಕೆಂಪು ಗೆರೆ ಬಿತ್ತು. ನಾನು ಇದ್ದಬದ್ದ ಕೊಡ, ಹಂಡೆ, ಕೊಪ್ಪರಿಗೆಗಳಲ್ಲೆಲ್ಲ ನೀರು ತುಂಬಿಟ್ಟು ಕಾಯುತ್ತಿದ್ದೆ. ಮರುದಿನ ಬಾವಿ ಉಕ್ಕಿ ಹರಿಯಿತು.

ಹೌದು, ಉಕ್ಕಿತು. ಕಟ್ಟೆ ಮೀರಿ, ಅಂಗಳ ದಾಟಿ, ಗಾಣದ ಬೀದಿಯ ಚರಂಡಿ ತುಂಬಿ ಹರಿಯಿತು. ಲೋಕದ ಪಂಡಿತರೆಲ್ಲ ಈಗ ಆ ಪ್ರಬಂಧದ ತಪ್ಪಿನ ಬಗ್ಗೆ ಬರೆಯುತ್ತಿದ್ದರು: ‘ತಾರಾಮತಿಯವರ ಪ್ರಕರಣದಲ್ಲಿ ಕಂಡಂತೆ’, ‘ತಾರಾಮತಿಯವರಂತೆ ಎಡವದಿರಲು’. ಬಾವಿಗೆ ಹೊಗಳಿಕೆ, ತೆಗಳಿಕೆ ಎಂಬ ಭೇದವಿಲ್ಲ, ಹೆಸರು ಬಂದರೆ ಸಾಕು. ಪರಮಶಿವಯ್ಯನವರು ಮೊಣಕಾಲುದ್ದದ ನೀರಿನಲ್ಲಿ ನಿಂತು, ನನ್ನ ಕಡೆ ತಿರುಗಿ, “ನೋಡಿದ್ರಾ ಶಾಂತರಾಜು, ಇದು ಮೊದಲೇ ಗೊತ್ತಿದ್ರೆ ಡಾಕ್ಟರಮ್ಮಂಗೆ ಇನ್ನೂ ನಾಲ್ಕು ತಪ್ಪು ಮಾಡಕ್ಕೆ ಹೇಳಬಹುದಿತ್ತು,” ಎಂದು ನಕ್ಕರು. ಬೀದಿಯವರು ಪಾನಕ ಹಂಚಿದರು. ತಾರಾ ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದಳು. ಪಾನಕ ಕೊಡಲು ಹೋದರೆ ಬೇಡವೆಂದಳು. ಅವಳ ತಪ್ಪನ್ನು ಲೋಕವೆಲ್ಲ ಆಡಿಕೊಳ್ಳುತ್ತಿತ್ತು, ನಾವು ಅದಕ್ಕೆ ಬೆಲ್ಲ ಹಾಕಿ ಕುಡಿಯುತ್ತಿದ್ದೆವು. ನಾನೂ ಲೋಟದಲ್ಲಿ ಉಳಿದದ್ದನ್ನು ಚೆಲ್ಲಿಬಿಟ್ಟೆ.

ಆ ಅಬ್ಬರ ಬೇಗ ಇಳಿಯಿತು. ಆಮೇಲಾದರೂ ನಿಲ್ಲುತ್ತದೆ ಎಂದರೆ ನಿಲ್ಲಲಿಲ್ಲ. ಮೊದಲಿನ ಹಾಗೇ ಬೆಳಿಗ್ಗೆ ಒಂದಷ್ಟು, ಸಂಜೆ ಒಂದಷ್ಟು ಕೊಡ ಬೀಳುತ್ತಲೇ ಇತ್ತು. ಯಾರಿವರು ಎಂದು ತಾರಾ ಹುಡುಕಿ ನೋಡಿದಳು. ಕೆಂಪು ಗೆರೆಯನ್ನು ನೋಡದವರು. ಪ್ರಬಂಧವನ್ನೇ ನೋಡದವರು! ಇನ್ನೊಬ್ಬರ ಪ್ರಬಂಧದ ಕೊನೆಯಲ್ಲಿದ್ದ ಹೆಸರನ್ನು ಎತ್ತಿ ತಮ್ಮದರ ಕೊನೆಗೆ ಅಂಟಿಸಿಕೊಂಡವರು. “ಓದದೇ ಬರೀತಾರಲ್ರೀ,” ಎಂದು ಮೊದಲ ಸಲ ಅವಳು ದನಿ ಏರಿಸಿದಳು. “ಓದದೇ! ಇಷ್ಟು ವರ್ಷ ಇವರೆಲ್ಲ ನನ್ನ ಕೆಲಸ ಓದಿದ್ದಾರೆ ಅಂದುಕೊಂಡಿದ್ದೆ.” ಆ ಹೊತ್ತಿನಲ್ಲಿ ನನಗೆ ಅವಳ ಮೇಲಿದ್ದ ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ. ಆಮೇಲೆ ಮತ್ತೆ ಬಂತು, ಅದು ಬೇರೆ ವಿಷಯ.

ಬಂದದ್ದು ಏಕೆಂದರೆ, ಅವಳು ಅವರೆಲ್ಲರಿಗೂ ಬರೆಯಲು ಶುರು ಮಾಡಿದಳು. ಒಬ್ಬೊಬ್ಬರಿಗೆ. ಬಾವಿಯಲ್ಲಿ ಗುಳುಂ ಎಂದರೆ ಸಾಕು, ಅನ್ನದ ಮುಂದಿನಿಂದಲೂ ಎದ್ದು ಹೋಗಿ, ಉಲ್ಲೇಖಿಸಿದವರು ಯಾರೆಂದು ಹುಡುಕಿ, ‘ನಾನೇ ತಾರಾಮತಿ. ಆ ಗಿಡ ಇಲ್ಲ. ದಯವಿಟ್ಟು ಬಳಸಬೇಡಿ’ ಎಂದು ಮೇಲ್ ಕಳಿಸುತ್ತಿದ್ದಳು. ಕೆಲವರು ಕ್ಷಮೆ ಕೇಳಿದರು. ಕೆಲವರು ಉತ್ತರಿಸಲಿಲ್ಲ. ಒಬ್ಬ ಮಹಾಶಯ, ನಿಮ್ಮ ಗಿಡವನ್ನು ನಾನು ನನ್ನ ಹೊಲದಲ್ಲಿ ಕಣ್ಣಾರೆ ಕಂಡಿದ್ದೇನೆ ಎಂದು ಬರೆದ. ಅವನ ಜೊತೆ ಅವಳು ತಿಂಗಳುಗಟ್ಟಲೆ ಗುದ್ದಾಡಿದಳು. ಅತ್ತ ನಾನು ರಾಟೆಯಲ್ಲಿ ನೀರು ಸೇದುತ್ತಿದ್ದೆ, ಇತ್ತ ಅವಳು ಆ ನೀರಿನ ಬಾಯಿ ಮುಚ್ಚುತ್ತಿದ್ದಳು. “ಬಿಡೇ ಮಾರಾಯ್ತಿ, ಹೇಳೋದು ಹೇಳಾಯ್ತು. ಕಣ್ಣಿದ್ದೋರು ನೋಡ್ಕೋತಾರೆ,” ಎಂದು ಅದೆಷ್ಟು ಸಲ ಹೇಳಿದೆನೋ. ಬೀದಿಯವರು ಅವಳೊಡನೆ ಮಾತು ಬಿಟ್ಟರು. ಹೋಳಿಗೆ ನಿಂತಿತು. ಹೊನ್ನಜ್ಜಿ ಮಾತ್ರ ಬರುತ್ತಿದ್ದಳು, ಬಂದು ಬೈದು ಹೋಗುತ್ತಿದ್ದಳು. “ಎಲ್ಡು ಹಿಡಿ ಹುರುಳಿಗೆ ಇಷ್ಟು ರಂಪಾನಾ! ಮುಂದಿನ ಜನ್ಮದಲ್ಲಿ ಕಲ್ಲು ಕೊಡ್ತೀನಿ ನಿಂಗೆ, ಕಲ್ಲು.”

ಬಾವಿ ದಿನದಿಂದ ದಿನಕ್ಕೆ ಇಳಿಯಿತು. ಹಗ್ಗಕ್ಕೆ ಗಂಟು ಹಾಕಿ ಹಾಕಿ ಉದ್ದ ಮಾಡಿದೆ. ಹುರುಳಿಯ ಜೊತೆಗೆ ಉಳಿದ ಇಪ್ಪತ್ತೆರಡರ ನೀರೂ ನಿಂತಿತು, ಅದನ್ನು ನಾವು ಯಾರೂ ಎಣಿಸಿರಲಿಲ್ಲ. ತಪ್ಪು ಮಾಡಿದವಳು ಎಂಬ ಹೆಸರು ಬಂದ ಮೇಲೆ ಬೂಷ್ಟಿನ ಹತ್ತಿರವೂ ಯಾರೂ ಸುಳಿಯಲಿಲ್ಲ. ಅಜ್ಜನ ಎತ್ತಿನ ಔಷಧಿಯನ್ನು ನೆನೆಯುವವರು ಎಂದೋ ತೀರಿಹೋಗಿದ್ದರು. ಈ ಊರಿನಲ್ಲಿ ಅವಳಷ್ಟು ಎಚ್ಚರದಿಂದ ಬರೆದವರು ಇನ್ನೊಬ್ಬರಿಲ್ಲ, ಅವಳ ಬಾವಿಯಷ್ಟು ಒಣಗಿದ ಬಾವಿಯೂ ಇನ್ನೊಂದಿರಲಿಲ್ಲ. ಇದ್ಯಾವ ನ್ಯಾಯ ಸ್ವಾಮಿ? ಬಾವಿಯೊಳಗೆ ಬಗ್ಗಿ ನಾನೂ ಬೈದೆ. ನನ್ನ ದನಿಯೇ ತಿರುಗಿ ನನಗೆ ಕೇಳಿಸಿತು.

ಒಂದು ಬೆಳಿಗ್ಗೆ ಕೊಡ ತಳ ತಾಗಿ ಠಣ್ ಎಂದಿತು. ಎಳೆದರೆ ಖಾಲಿ. ಸಾಲಿನಲ್ಲಿ ನಿಂತಿದ್ದ ಗಂಗಾಂಬಿಕೆ ಒಳಗೆ ಇಣುಕಿ ನೋಡಿದಳು, ಬಿಂದಿಗೆ ಎತ್ತಿಕೊಂಡು ಹೊರಟುಹೋದಳು. ಅವಳು ಬೈದಿದ್ದರೆ ವಾಸಿಯಿತ್ತು. ಪರಮಶಿವಯ್ಯನವರು ತಮ್ಮ ರಾಡಿ ನೀರನ್ನು ಸೋಸಿ ಕುಡಿಯಲು ಬಟ್ಟೆ ಹುಡುಕುತ್ತ ಹೋದರು. ಬೀದಿ ಖಾಲಿಯಾಯಿತು. ನಾನು ಒಳಗೆ ಹೋದೆ. ಬಾಯಿಗೆ ಬಂದದ್ದೆಲ್ಲ ಅಂದುಬಿಡಬೇಕೆಂದೇ ಹೋದೆ.

ತಾರಾ ಮಲಗಿದ್ದಳು. ಸೂರ್ಯ ಮೇಲೆ ಬಂದಿದ್ದ, ಬಸ್ಸು ಹೋಗಿಯಾಗಿತ್ತು. ಇಷ್ಟು ದಿನ ನಿದ್ದೆಯಲ್ಲೂ ಒಂದು ಕಿವಿಯನ್ನು ಬಾವಿಯ ಕಡೆಗಿಟ್ಟು, ಗುಳುಂ ಎಂದಾಗಲೆಲ್ಲ ಬೆಚ್ಚಿ ಏಳುತ್ತಿದ್ದವಳು, ಈಗ ಬಾಯಿ ತೆರೆದುಕೊಂಡು ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಎಲ್ಲೂ ಯಾರೂ ಆ ಗಿಡವನ್ನು ಹುಡುಕುತ್ತಿರಲಿಲ್ಲ. ಬಾಗಿಲು ಮುಂದೆ ಮಾಡಿ, ಎರಡು ಕೊಡ ಎತ್ತಿಕೊಂಡು ಬಳೆಬೀದಿಗೆ ಹೋದೆ. ಒಂದು ನಮಗೆ, ಒಂದು ಗಂಗಾಂಬಿಕೆಯ ಮನೆಯ ಕೂಸಿಗೆ.

ಬಳೆಬೀದಿಯಲ್ಲಿ ನೀರಿದ್ದದ್ದು ಒಂದೇ ಬಾವಿಯಲ್ಲಿ. ಯಾರೋ ಒಬ್ಬಾಕೆ ಕಟ್ಟಿದ ಲಾಲಿಹಾಡನ್ನು ಹೊರಗಿನ ಊರುಗಳಲ್ಲಿ ಇನ್ನೂ ಹಾಡುತ್ತಾರೆ, ಅದರ ನೀರು. ಪರಬೀದಿಯವರು ಸಾಲಿನ ಕೊನೆಗೇ ನಿಲ್ಲಬೇಕೆಂಬುದು ಅಲ್ಲಿಯ ಕಟ್ಟುಪಾಡು. ಬಿಸಿಲು ನೆತ್ತಿಗೆ ಬರುವವರೆಗೂ ನಿಂತೆ. ನನ್ನ ಮುಂದಿದ್ದ ಹೆಂಗಸು ತಿರುಗಿ ತಿರುಗಿ ನೋಡಿ, ತಡೆಯಲಾರದೆ ಕೇಳಿದಳು.

“ನೀವು ಗಾಣದ ಬೀದಿಯೋರಲ್ವಾ? ಅದೇ, ಹುರುಳಿ ಬಗ್ಗೆ ತಪ್ಪು ಬರೆದ್ರಲ್ಲ, ಆ ಡಾಕ್ಟರಮ್ಮನ ಯಜಮಾನ್ರು?”

“ಹೌದು ತಾಯಿ, ಅವಳ ಗಂಡಾನೇ,” ಎಂದೆ. “ತಪ್ಪು ಬರೆದೋಳು ಅಂತ ಮಾತ್ರ ಅನ್ನಬೇಡಿ. ತಪ್ಪು ಅಂತ ತಾನೇ ಹೇಳಿದೋಳು ಅನ್ನಿ.”

ಅವಳು “ಹೂಂ” ಎಂದಳು. ಜರುಗಿ ಜಾಗವೇನೂ ಬಿಡಲಿಲ್ಲ. ನಾನು ಒಂದು ಕೊಡವನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡು ನನ್ನ ಸರದಿಗೆ ಕಾದೆ.